ಕೈಕೊಡದ ಕೋವಿ



ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗಿ ನೆಲೆಸಿದ ನಮ್ಮ ಕಡೆಯ ಹುಡುಗರಲ್ಲಿ, ಅದರಲ್ಲೂ ಕೋವಿಯನ್ನು ಮನೆಯಲ್ಲೇ ಕಂಡು ಬೆಳೆದ ಕೊಡಗಿನವರಲ್ಲಿ, ಕೆಲವರು ಅಲ್ಲಿ ಭಾನುವಾರ ಬಂತೆಂದರೆ ಹಾರುವ ಬಿಲ್ಲೆಗೆ ಗುರಿಯಿಡುವ ಕ್ಲೇ ಶೂಟಿಂಗ್ ಮೈದಾನಕ್ಕೆ ಹೋಗುತ್ತಾರೆ. ಪರಿಚಯದ ರೈತರು ಕರೆದರೆ ಪೈರಿಗೆ ಬೀಳುವ ಪಾರಿವಾಳ ಹೊಡೆಯಲೂ ಹೋಗುವುದುಂಟು. ಸ್ವಲ್ಪ ಕಾಲ ಕ್ಲಬ್ಬಿನ ಕೋವಿಯಲ್ಲಿ ಆಡಿದ ಮೇಲೆ ಸ್ವಂತದ್ದೊಂದು ಬೇಕೆನಿಸುತ್ತದೆ. ಆಗ ಫೋನಿನಲ್ಲಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಾವ, ಎರಡಕ್ಕೂ ಆಗೋ ಅಂಥ ಸೆಮಿ ಆಟೊಮ್ಯಾಟಿಕ್ ಒಂದು ತಗೋಬೇಕು. ಕೈಕೊಡದೇ ಇರೋದು ಯಾವುದು ಹೇಳಿ."

ಕಂಪನಿಯ ಹೆಸರೊಂದನ್ನು ಹೇಳಿ ಫೋನು ಇಟ್ಟುಬಿಡಬಹುದು. ಆದರೆ ಅದರಿಂದ ಅವರಿಗೆ ಉಪಕಾರವಾಗುವುದಿಲ್ಲ. ಎರಡು ನಳಿಗೆಯ ಕೋವಿಯಲ್ಲಿ ತೋಟಾ ತುಂಬುವುದೂ ತೆಗೆಯುವುದೂ ನಮ್ಮ ಕೈಯ ಕೆಲಸ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಆ ಕೆಲಸವನ್ನು ಸಿಡಿದ ತೋಟಾದ ಶಕ್ತಿಯೇ ಮಾಡುತ್ತದೆ. ಹಾಗಾಗಿ ತೋಟಾ ಬದಲಾದರೆ ಕೋವಿಯ ನಡತೆಯೂ ಬದಲಾಗುತ್ತದೆ. ಒರೆಸದೆ ಇಟ್ಟರೂ ಬದಲಾಗುತ್ತದೆ. ಕೋವಿಯನ್ನು ನಂಬಬಹುದೇ ಎಂದು ಕೇಳುವವರು ಅದಕ್ಕೆ ಯಾವ ತೋಟಾ ಹಾಕುತ್ತೇವೆ, ಎಷ್ಟು ದಿನಕ್ಕೊಮ್ಮೆ ಬಿಚ್ಚುತ್ತೇವೆ ಎಂಬುದನ್ನೂ ಜೊತೆಗೇ ಕೇಳಿಕೊಳ್ಳಬೇಕು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಮೊದಲು ಆಟದ ವಿಷಯ. ಒಂದು ಕಾಲದಲ್ಲಿ ಕ್ಲೇ ಆಟವೂ ಪಾರಿವಾಳ ಹೊಡೆಯುವುದೂ ಒಂದೇ ಆಗಿದ್ದವು. ಪೆಟ್ಟಿಗೆಯಲ್ಲಿ ಕೂಡಿಟ್ಟ ಜೀವಂತ ಪಾರಿವಾಳವನ್ನು ಹಾರಬಿಟ್ಟು ಹೊಡೆಯುವುದು ಯುರೋಪಿನ ಶ್ರೀಮಂತರ ಪಂದ್ಯವಾಗಿತ್ತು. 1900ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಸ್ ವೇಳೆಯಲ್ಲೂ ಅದು ನಡೆಯಿತು. ಅಷ್ಟರಲ್ಲಾಗಲೇ, 1880ರಲ್ಲಿ, ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಎಂಬಾತ ಹಾರುವ ಮಣ್ಣಿನ ಬಿಲ್ಲೆಯನ್ನು ರೂಪಿಸಿದ್ದ. ಬ್ರಿಟನ್ 1921ರಲ್ಲಿ ಕಾನೂನು ಮಾಡಿ ಪೆಟ್ಟಿಗೆಯ ಹಕ್ಕಿಯನ್ನು ಹೊಡೆಯುವ ಪಂದ್ಯವನ್ನು ನಿಲ್ಲಿಸಿತು. ಆ ಜಾಗವನ್ನು ಬಿಲ್ಲೆ ತುಂಬಿತು. ಇವತ್ತಿನ ಬಿಲ್ಲೆಯನ್ನು ಟಾರಿನಂಥ ಅಂಟು ಮತ್ತು ಸುಣ್ಣಕಲ್ಲಿನ ಪುಡಿ ಬೆರೆಸಿ ಅಚ್ಚೊತ್ತುತ್ತಾರೆ. ಅಂತರರಾಷ್ಟ್ರೀಯ ಪಂದ್ಯದ ಬಿಲ್ಲೆ 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ನೆಲಕ್ಕೆ ಬಿದ್ದರೂ ಒಡೆಯದಷ್ಟು ಗಟ್ಟಿಯೇನಲ್ಲ. ಆದರೆ ಒಂದೆರಡು ಚರೆ ತಗುಲಿದರೆ ಸಾಕು ಎಂದುಕೊಂಡವರಿಗೆ, ತೂತು ಬಿದ್ದೂ ಒಡೆಯದೆ ಹಾರಿಹೋದ ಬಿಲ್ಲೆಗಳು ಮೈದಾನದ ಕೊನೆಯಲ್ಲಿ ಸಿಗುತ್ತವೆ.

ಇನ್ನೊಂದು, ಹೊಲದ ಪಾರಿವಾಳ. ನಮ್ಮ ದೇವಸ್ಥಾನದ ಗೋಪುರಗಳಲ್ಲಿ ಕೂರುವ ಪಾರಿವಾಳವಲ್ಲ ಅದು. ಕತ್ತಿನ ಪಕ್ಕದಲ್ಲಿ ಬಿಳಿ ಮಚ್ಚೆಯಿರುವ, ಸುಮಾರು ಅರ್ಧ ಕೆಜಿ ತೂಗುವ ಕಾಡು ಪಾರಿವಾಳ. ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ಜೋಡಿಗಳಿವೆ. ಚಳಿಗಾಲದಲ್ಲಿ ಎಣ್ಣೆ ಸಾಸಿವೆಯ ಎಳೆಪೈರಿನ ಮೇಲೆ, ವಸಂತದಲ್ಲಿ ಬಟಾಣಿಯ ಮೊಳಕೆಯ ಮೇಲೆ, ಬೇಸಿಗೆಯಲ್ಲಿ ಮಲಗಿದ ಗೋಧಿ, ಬಾರ್ಲಿಯ ಮೇಲೆ ಹಿಂಡುಹಿಂಡಾಗಿ ಎರಗುತ್ತವೆ. ಬೆಳೆ ಕಾಪಾಡಲು ಸರಕಾರದ ಸಾಮಾನ್ಯ ಪರವಾನಗಿಯ ನಿಯಮಗಳೊಳಗೆ ಇವನ್ನು ಹೊಡೆಯಲು ಅವಕಾಶವಿದೆ. ಹೆದರಿಸಿ ಓಡಿಸುವಂಥ ಉಪಾಯಗಳನ್ನೂ ಮಾಡಬೇಕೆಂಬುದು ಆ ನಿಯಮಗಳ ಆಶಯ. ಹೊಡೆದ ಹಕ್ಕಿ ಅಡುಗೆಮನೆ ಸೇರುತ್ತದೆ. ಹೊಲದ ಅಂಚಿನಲ್ಲಿ ಬಲೆ ಕಟ್ಟಿ ಮರೆ ಮಾಡಿಕೊಂಡು, ಮುಂದೆ ಬೊಂಬೆ ಪಾರಿವಾಳಗಳನ್ನಿಟ್ಟು ಗಂಟೆಗಟ್ಟಲೆ ಕೂರುವ ಕೆಲಸ ಇದು. ಮಳೆ, ಕೆಸರು, ಧೂಳು, ಜೋಳಿಗೆಯಲ್ಲಿ ಉದುರಿದ ಹುಲ್ಲುಕಡ್ಡಿ, ಎಲ್ಲವೂ ಕೋವಿಯೊಳಗೆ ಹೋಗುತ್ತವೆ.

ಅಂದರೆ, ಕ್ಲೇ ಮೈದಾನದಲ್ಲಿ ಕೋವಿ ಶುಚಿಯಾದ ಜಾಗದಲ್ಲಿ ಹಗುರ ತೋಟಾಗಳನ್ನು ಬಹಳ ಸಂಖ್ಯೆಯಲ್ಲಿ ಸುಡಬೇಕು. ಹೊಲದಲ್ಲಿ ಕೊಳೆಯ ನಡುವೆ ಸ್ವಲ್ಪ ಭಾರದ ತೋಟಾಗಳನ್ನು ಕಡಿಮೆ ಸಂಖ್ಯೆಯಲ್ಲಿ ಸುಡಬೇಕು. ಒಂದೇ ಕೋವಿಯಿಂದ ಎರಡನ್ನೂ ಬಯಸುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಅಲ್ಲಿನ ಕಾನೂನನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1987ರ ಆಗಸ್ಟಿನಲ್ಲಿ ಹಂಗರ್‌ಫರ್ಡ್ ಎಂಬ ಊರಿನಲ್ಲಿ ಒಬ್ಬ 16 ಜನರನ್ನು ಗುಂಡಿಟ್ಟು ಕೊಂದ. ಮರುವರ್ಷ, 1988ರಲ್ಲಿ, ಬಂದೂಕು ಕಾನೂನು ಬಿಗಿಯಾಯಿತು. ಮ್ಯಾಗಜಿನ್‌ನಲ್ಲಿ ಎರಡು, ನಳಿಗೆಯಲ್ಲಿ ಒಂದು, ಒಟ್ಟು ಮೂರು ತೋಟಾ ಹಿಡಿಯುವ ಸೆಮಿ ಆಟೊಮ್ಯಾಟಿಕ್ ಮಾತ್ರ ಸಾಮಾನ್ಯ ಶಾಟ್‌ಗನ್ ಪರವಾನಗಿಯ ಮೇಲೆ ಸಿಗುತ್ತದೆ. ಅದಕ್ಕಿಂತ ಹೆಚ್ಚು ಹಿಡಿಯುವುದಕ್ಕೆ ಬೇರೆಯದೇ, ಕಠಿಣವಾದ ಪರವಾನಗಿ ಬೇಕು. ನಳಿಗೆ 24 ಇಂಚಿಗಿಂತ ಕಡಿಮೆಯಿರಬಾರದು. ಹಳೆಯ ಕೋವಿಯ ಮ್ಯಾಗಜಿನ್ನನ್ನು ಆಮೇಲೆ ಎರಡಕ್ಕೆ ಇಳಿಸಿದ್ದರೆ, ಅದನ್ನು ಶಾಶ್ವತವಾಗಿ ಇಳಿಸಲಾಗಿದೆ ಎಂಬ ಕೋವಿ ಪರೀಕ್ಷಿಸುವ ಪ್ರೂಫ್ ಹೌಸಿನ ಗುರುತು ಅದರ ಮೇಲೆ ಇರಬೇಕು. ಆ ಗುರುತು ನೋಡದೆ ಹಣ ಕೊಡಬೇಡಿ.

ಈಗ ಯಂತ್ರಕ್ಕೆ ಬರೋಣ. ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ನಿನ ಕಥೆ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಅಸಾಧಾರಣ ಮನುಷ್ಯನಿಂದ ಶುರುವಾಗುತ್ತದೆ. ಅಮೆರಿಕದ ಯೂಟಾದವನು, ಕೋವಿ ಮಾಡುವವನ ಮಗ. ಅವನ ವಿನ್ಯಾಸಗಳನ್ನು ಅದುವರೆಗೆ ಕೊಳ್ಳುತ್ತ ಬಂದಿದ್ದ ವಿಂಚೆಸ್ಟರ್ ಕಂಪನಿಯೊಡನೆ ಈ ಹೊಸ ಕೋವಿಯ ವಿಷಯದಲ್ಲಿ ಮಾತು ಕೂಡಲಿಲ್ಲ. 1902ರ ಜನವರಿಯಲ್ಲಿ ಅವನು ರೆಮಿಂಗ್‌ಟನ್ ಕಂಪನಿಯ ಕಚೇರಿಗೆ ಹೋಗಿ ಅಧ್ಯಕ್ಷರ ಭೇಟಿಗೆ ಕಾಯುತ್ತಿದ್ದಾಗ ಆ ಅಧ್ಯಕ್ಷರು ಹೃದಯಾಘಾತದಿಂದ ತೀರಿಕೊಂಡರು. ಬ್ರೌನಿಂಗ್ ಕೋವಿಯನ್ನು ಎತ್ತಿಕೊಂಡು ಸಮುದ್ರ ದಾಟಿ ಬೆಲ್ಜಿಯಮ್ಮಿಗೆ ಹೋದ. ಲಿಯೇಜ್ ನಗರದ ಬಳಿಯ ಹೆರ್ಸ್ಟಾಲ್‌ನಲ್ಲಿರುವ ಎಫ್‌ಎನ್ ಕಾರ್ಖಾನೆ ಅದನ್ನು ಮಾಡಲು ಒಪ್ಪಿತು. ಆಟೊ-5 ಎಂಬ ಆ ಕೋವಿ 1990ರ ದಶಕದ ಕೊನೆಯವರೆಗೂ ತಯಾರಾಯಿತು. ಹೆಚ್ಚುಕಡಿಮೆ ಒಂದು ಶತಮಾನ! ಯಂತ್ರವೊಂದರ ಮೂಲ ವಿನ್ಯಾಸ ಬದಲಾಗದೆ ಇಷ್ಟು ಕಾಲ ಬಾಳಿದ್ದನ್ನು ನೆನೆದರೆ ನನಗೆ ಆ ಮನುಷ್ಯನ ಬಗ್ಗೆ ಭಕ್ತಿಯೇ ಮೂಡುತ್ತದೆ.

ಆಟೊ-5ರಲ್ಲಿ ಈಡು ಹಾರಿದ ಕೂಡಲೇ ನಳಿಗೆಯೂ ಅದರ ಹಿಂಬಾಯನ್ನು ಮುಚ್ಚುವ ಬೋಲ್ಟೂ ಒಂದಕ್ಕೊಂದು ಕಚ್ಚಿಕೊಂಡೇ ಹಿಂದಕ್ಕೆ ಸರಿಯುತ್ತವೆ. ಬೋಲ್ಟು ಹಿಂದೆ ನಿಲ್ಲುತ್ತದೆ, ನಳಿಗೆ ಮುಂದಕ್ಕೆ ಮರಳುತ್ತದೆ, ಖಾಲಿ ತೋಟಾ ಹೊರಗೆ ಬೀಳುತ್ತದೆ, ಬೋಲ್ಟು ಮುಂದೆ ಬರುತ್ತ ಹೊಸ ತೋಟಾವನ್ನು ತಳ್ಳಿಕೊಂಡು ಬರುತ್ತದೆ. ಈ ಓಟವನ್ನು ಹತೋಟಿಯಲ್ಲಿಡಲು ಮ್ಯಾಗಜಿನ್ ಕೊಳವೆಯ ಮೇಲೆ ತಿಕ್ಕುವ ಬಳೆಗಳಿವೆ. ಹಗುರ ತೋಟಾಕ್ಕೆ ಒಂದು ಜೋಡಣೆ, ಭಾರದ ತೋಟಾಕ್ಕೆ ಇನ್ನೊಂದು. ಜೋಡಣೆ ತಪ್ಪಿದರೆ ಕೋವಿ ತೋಟಾ ಉಗುಳುವುದಿಲ್ಲ, ಇಲ್ಲವೇ ಏಟಿಗೆ ಮುಂದಿನ ಮರ ಸೀಳುತ್ತದೆ. ಹಳೆಯ ಆಟೊ-5 ಇವತ್ತಿಗೂ ಮಾರಾಟಕ್ಕೆ ಬರುತ್ತದೆ. ಇಷ್ಟಪಟ್ಟು ಇಟ್ಟುಕೊಳ್ಳಲು ಅದು ತಕ್ಕದ್ದು. ಆದರೆ ಮೊದಲ ಕೋವಿಯಾಗಿ, ದಿನವಿಡೀ ಕ್ಲೇ ಹೊಡೆಯಲು, ನಾನು ಅದನ್ನು ಹೇಳುವುದಿಲ್ಲ. ಭುಜಕ್ಕೆ ಅದು ಕೊಡುವ ಎರಡು ಹಂತದ ಏಟು ಎಲ್ಲರಿಗೂ ಒಗ್ಗುವುದಿಲ್ಲ.

ಇವತ್ತಿನ ಆಯ್ಕೆ ಇರುವುದು ಎರಡು ಬಗೆಯ ಯಂತ್ರಗಳ ನಡುವೆ.

ಒಂದು, ಗ್ಯಾಸಿನಿಂದ ನಡೆಯುವುದು. ನಳಿಗೆಯ ತಳಭಾಗದಲ್ಲಿ ಸಣ್ಣ ತೂತುಗಳಿರುತ್ತವೆ. ಚರೆ ಅವನ್ನು ದಾಟಿ ಹೋಗುವಾಗ ಮದ್ದಿನ ಗ್ಯಾಸಿನ ಒಂದಂಶ ಆ ತೂತುಗಳಿಂದ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ಬೋಲ್ಟನ್ನು ಹಿಂದಕ್ಕೆ ಓಡಿಸುತ್ತದೆ. 1963ರಲ್ಲಿ ಬಂದ ರೆಮಿಂಗ್‌ಟನ್ 1100 ಈ ಬಗೆಯನ್ನು ಮನೆಮಾತಾಗಿಸಿತು. ನಲವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇಟಲಿಯ ಬ್ರೆಶಿಯಾ ಜಿಲ್ಲೆಯ ಗಾರ್ಡೊನೆಯಲ್ಲಿರುವ ಬೆರೆಟ್ಟಾ, 1526ರಲ್ಲಿ ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ಬಂದೂಕಿನ ನಳಿಗೆ ಮಾಡಿಕೊಟ್ಟ ಲೆಕ್ಕಪತ್ರವಿರುವ ಮನೆತನ, ಈ ದಾರಿಯಲ್ಲೇ 303, 390, 391, ಎ400 ಎಂದು ಒಂದರ ಬೆನ್ನಿಗೆ ಒಂದನ್ನು ತಂದಿತು. ಬ್ರೌನಿಂಗ್ ಹೆಸರಿನ ಮ್ಯಾಕ್ಸಸ್ ಕೂಡ ಗ್ಯಾಸಿನದೇ.

ಗ್ಯಾಸಿನ ಕೋವಿಯ ದೊಡ್ಡ ಗುಣ, ಭುಜಕ್ಕೆ ಅದು ಕೊಡುವ ನೆಮ್ಮದಿ. ಒದೆತದ ಮೊತ್ತ ಕಡಿಮೆಯಾಗುವುದಿಲ್ಲ, ಅದು ಪ್ರಕೃತಿಯ ನಿಯಮ. ಆದರೆ ಒಂದೇ ಏಟಿಗೆ ಬರುವ ಬದಲು ಸ್ವಲ್ಪ ಹೊತ್ತಿಗೆ ಹರಡಿಕೊಂಡು ತಳ್ಳಿದಂತೆ ಬರುತ್ತದೆ. ನೂರು ಬಿಲ್ಲೆಯ ಪಂದ್ಯದ ಕೊನೆಯಲ್ಲಿ ಈ ವ್ಯತ್ಯಾಸ ಅಂಕಗಳಲ್ಲೇ ಕಾಣುತ್ತದೆ. ಒದೆತಕ್ಕೆ ಹೆದರಿದ ದೇಹ ಟ್ರಿಗರ್ ಎಳೆಯುವ ಮೊದಲೇ ಬಿಗಿಯುತ್ತದೆ, ನಳಿಗೆ ನಿಲ್ಲುತ್ತದೆ, ಬಿಲ್ಲೆ ಮುಂದೆ ಹೋಗುತ್ತದೆ. ಭುಜದ ನೋವಿರುವ ಹಿರಿಯರಿಗೆ, ಮೈಕಟ್ಟು ಸಣ್ಣದಿರುವ ಹೆಣ್ಣುಮಕ್ಕಳಿಗೆ ಗ್ಯಾಸಿನ ಸೆಮಿ ಆಟೊಮ್ಯಾಟಿಕ್ ಒಂದು ವರ. ಇನ್ನು ಅದರ ಅವಗುಣ: ಮದ್ದಿನ ಮಸಿಯೆಲ್ಲ ಪಿಸ್ಟನ್ನಿನ ಮೇಲೂ ಮ್ಯಾಗಜಿನ್ ಕೊಳವೆಯ ಮೇಲೂ ಕೂರುತ್ತದೆ. ಒರೆಸದಿದ್ದರೆ ಓಟ ನಿಧಾನವಾಗಿ, ಒಂದು ದಿನ ಖಾಲಿ ತೋಟಾ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ರೆಮಿಂಗ್‌ಟನ್ 1100ರಲ್ಲಿ ಗ್ಯಾಸು ಸೋರದಂತೆ ತಡೆಯುವ ರಬ್ಬರಿನ ಬಳೆಯೊಂದಿದೆ. ಬಹಳ ಅಗ್ಗದ ವಸ್ತು. ಅದು ಹರಿದರೆ ಇಡೀ ಕೋವಿ ನಿಲ್ಲುತ್ತದೆ. ಅದರ ಒಡೆಯರು ಜೇಬಿನಲ್ಲಿ ಒಂದು ಬಳೆ ಇಟ್ಟುಕೊಂಡೇ ತಿರುಗಬೇಕು.

ಎರಡನೆಯದು ಜಡತ್ವದಿಂದ ನಡೆಯುವ ಕೋವಿ. ಇದು ಬೆನೆಲ್ಲಿಯ ಹೆಸರಿನ ಜೊತೆ ಬೆಸೆದುಕೊಂಡಿದೆ. ಮೋಟಾರ್ ಸೈಕಲ್ ಮಾಡುತ್ತಿದ್ದ ಬೆನೆಲ್ಲಿ ಮನೆತನ 1967ರಲ್ಲಿ ಇಟಲಿಯ ಉರ್ಬಿನೊದಲ್ಲಿ ಕೋವಿಯ ಕಾರ್ಖಾನೆ ತೆರೆಯಿತು. ಯಂತ್ರ ಬ್ರೂನೊ ಚಿವೊಲಾನಿ ಎಂಬವರ ವಿನ್ಯಾಸ. ಇಲ್ಲಿ ಗ್ಯಾಸಿನ ತೂತಿಲ್ಲ, ಪಿಸ್ಟನ್ನಿಲ್ಲ. ನಿಂತ ಬಸ್ಸು ಜಗ್ಗನೆ ಹೊರಟಾಗ ಒಳಗೆ ನಿಂತವರು ಇದ್ದಲ್ಲೇ ಉಳಿಯಲು ನೋಡುತ್ತಾರಲ್ಲ, ಹಾಗೆಯೇ ಕೋವಿ ಒದ್ದು ಹಿಂದೆ ಸರಿದಾಗ ಒಳಗಿನ ಬೋಲ್ಟಿನ ಭಾರದ ಭಾಗ ಇದ್ದಲ್ಲೇ ಉಳಿಯುತ್ತದೆ. ಬೋಲ್ಟಿನ ತಲೆಗೂ ಮೈಗೂ ನಡುವೆ ಇರುವ ಗಡುಸಾದ ಚಿಕ್ಕ ಸ್ಪ್ರಿಂಗು ಅದರಿಂದ ಅದುಮಿಕೊಳ್ಳುತ್ತದೆ. ಮರುಕ್ಷಣ ಅದು ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಮಸಿಯೆಲ್ಲ ನಳಿಗೆಯಿಂದಲೇ ಹೊರಗೆ ಹೋಗುವುದರಿಂದ ಒಳಗು ಬಹಳ ಕಾಲ ಶುಚಿಯಾಗಿರುತ್ತದೆ. ಬಿಡಿಭಾಗಗಳು ಕಡಿಮೆ, ತೂಕವೂ ಕಡಿಮೆ. ಕೆಸರಿನ ಹೊಲಕ್ಕೆ, ಮಳೆಯ ದಿನಕ್ಕೆ ಇದಕ್ಕಿಂತ ವಾಸಿಯಾದುದನ್ನು ನಾನು ಕಂಡಿಲ್ಲ.

ಆದರೆ ಇದಕ್ಕೂ ಷರತ್ತುಗಳಿವೆ. ಕೋವಿ ಹಿಂದಕ್ಕೆ ಚುರುಕಾಗಿ ಸರಿಯದಿದ್ದರೆ ಯಂತ್ರ ನಡೆಯುವುದಿಲ್ಲ. ತೀರ ಹಗುರವಾದ ತೋಟಾ ಹಾಕಿದರೆ, ಅಥವಾ ಒದೆತ ತಗ್ಗಲೆಂದು ಕೋವಿಗೆ ಹೆಚ್ಚುವರಿ ತೂಕ ಸೇರಿಸಿದರೆ, ಅದು ತೊಡರುತ್ತದೆ. ಇನ್ನೊಂದು ಸಂಗತಿ ಹೊಲದಲ್ಲಿ ಕೂರುವವರಿಗೆ ಮುಖ್ಯ. ಹಕ್ಕಿ ಬೆದರದಿರಲೆಂದು ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದರೆ ಅದರ ತಲೆ ಪೂರ್ತಿ ತಿರುಗಿ ಬೀಗ ಬೀಳುವುದಿಲ್ಲ. ಹಕ್ಕಿ ಬಂದಾಗ ಟ್ರಿಗರ್ ಎಳೆದರೆ ಕ್ಲಿಕ್ ಎನ್ನುತ್ತದೆ ಅಷ್ಟೆ. ಬೋಲ್ಟನ್ನು ತಾನಾಗಿಯೇ ಹೊಡೆದುಕೊಂಡು ಮುಚ್ಚಲು ಬಿಡಬೇಕು. ಹಗುರವಾದ ಮೈಯಿಂದಾಗಿ ಒದೆತವೂ ಗ್ಯಾಸಿನದಕ್ಕಿಂತ ಚುರುಕು.

ತೋಟಾದ ಮಾತು ಆಗಲೇ ಬಂತು. ಮೈದಾನಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ: ದುಬಾರಿ ಕೋವಿ ಕೊಂಡವರು ಅಂಗಡಿಯ ಅತಿ ಅಗ್ಗದ ತೋಟಾ ಹಾಕಿ, ಕೋವಿ ಸಿಕ್ಕಿಕೊಂಡಾಗ ಕೋವಿಯನ್ನು ಬೈಯುತ್ತಾರೆ. ಒಲಿಂಪಿಕ್ ಬಗೆಯ ಪಂದ್ಯಗಳ ನಿಯಮದಲ್ಲಿ ಚರೆ 24 ಗ್ರಾಂ ಮೀರುವಂತಿಲ್ಲ. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ 28 ಗ್ರಾಂವರೆಗೆ ನಡೆಯುತ್ತದೆ. ಹೊಲದಲ್ಲಿ 30, 32 ಗ್ರಾಂ ಬಳಸುವವರು ಬಹಳ. ಕೋವಿ 28 ಗ್ರಾಂ ಚೆನ್ನಾಗಿ ಉಗುಳಿದರೆ 24ನ್ನೂ ಉಗುಳುತ್ತದೆಂದು ತಿಳಿಯಬೇಡಿ. ಮಾರುವವರ ಒಪ್ಪಿಗೆ ಪಡೆದು, ನೀವು ಮುಂದೆ ಬಳಸುವ ತೋಟಾದ ಪೆಟ್ಟಿಗೆಯನ್ನೇ ಒಯ್ದು, ಅದನ್ನು ನಿಮ್ಮ ಭುಜದಿಂದಲೇ ಹೊಡೆದು ನೋಡಿ ಕೊಳ್ಳಿ. ಹೊಸ ಕೋವಿಯಾದರೆ ಮೊದಲ ಕೆಲವು ಪೆಟ್ಟಿಗೆ 30 ಅಥವಾ 32 ಗ್ರಾಂನದು ಹೊಡೆದು ಸ್ಪ್ರಿಂಗುಗಳನ್ನು ಪಳಗಿಸಿ, ಆಮೇಲೆ ಹಗುರಕ್ಕೆ ಇಳಿಯಿರಿ.

ತೋಟಾದ ಲೋಕವೇ ಈಗ ಬದಲಾಗುತ್ತಿದೆ. ಸೀಸ ವಿಷ, ನೀರಹಕ್ಕಿಗಳು ಅದನ್ನು ಕಲ್ಲಿನ ಹರಳೆಂದು ನುಂಗಿ ಸಾಯುತ್ತವೆ. 1999ರಿಂದಲೇ ಇಂಗ್ಲೆಂಡಿನಲ್ಲಿ ಬಾತುಕೋಳಿಗಳನ್ನು ಸೀಸದ ಚರೆಯಲ್ಲಿ ಹೊಡೆಯುವಂತಿಲ್ಲ. 2029ರಿಂದ ಸೀಸದ ಚರೆಗೆ ಇನ್ನೂ ವ್ಯಾಪಕವಾದ ನಿಷೇಧ ಬರುತ್ತದೆಂದು ಬ್ರಿಟನ್ ಸರಕಾರ 2025ರಲ್ಲಿ ಪ್ರಕಟಿಸಿದೆ. ಇದು ಸರಿಯಾದ ತೀರ್ಮಾನ ಎಂಬುದು ನನ್ನ ನಂಬಿಕೆ. ಹೀಗಿರುವಾಗ ಇವತ್ತು ಕೋವಿ ಕೊಳ್ಳುವವರು ಉಕ್ಕಿನ ಚರೆಗೆ ತಡೆಯುವ ಕೋವಿಯನ್ನೇ ಕೊಳ್ಳಬೇಕು. ಹೆಚ್ಚಿನ ಒತ್ತಡದ ಉಕ್ಕಿನ ತೋಟಾಕ್ಕೆ ಪರೀಕ್ಷೆಯಾದ ನಳಿಗೆಯ ಮೇಲೆ ಲಿಲಿ ಹೂವಿನ ಆಕಾರದ ಪ್ರೂಫ್ ಗುರುತು ಇರುತ್ತದೆ. ಉಕ್ಕು ಸೀಸದಷ್ಟು ಮೆತ್ತಗಲ್ಲ, ನಳಿಗೆಯ ಬಾಯಿಯ ಇಕ್ಕಟ್ಟಿನಲ್ಲಿ, ಅಂದರೆ ಚೋಕಿನಲ್ಲಿ, ಹಿಸುಕಿಕೊಳ್ಳುವುದಿಲ್ಲ. ಆದ್ದರಿಂದ ಹಾಫ್ ಚೋಕಿಗಿಂತ ಬಿಗಿಯಾದುದನ್ನು ಹಾಕಬಾರದು. ಕ್ವಾರ್ಟರ್ ಚೋಕೊಂದು ಇದ್ದರೆ ಮೈದಾನದ ಬಹುಪಾಲು ಬಿಲ್ಲೆಗೂ, ಬೊಂಬೆಗಳ ಮೇಲೆ ಇಳಿಯುವ ಪಾರಿವಾಳಕ್ಕೂ ಸಾಕು. ಚೋಕು ಬದಲಿಸುತ್ತ ಕೂರುವ ಹೊತ್ತನ್ನು ಅಭ್ಯಾಸಕ್ಕೆ ಕೊಡುವುದು ಮೇಲು.

ಅಳತೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 12 ಬೋರ್, 28 ಇಂಚಿನ ನಳಿಗೆ. ಕ್ಲೇ ಹೆಚ್ಚು ಹೊಡೆಯುವವರಿಗೆ 30 ಇಂಚು. ಶಾಟ್‌ಗನ್ನಿಗೆ ಹಿಂದಿನ ಗುರಿಕಾಯಿ ಇರುವುದಿಲ್ಲ, ನಮ್ಮ ಕಣ್ಣೇ ಹಿಂದಿನ ಗುರಿ. ಆದ್ದರಿಂದ ಕೆನ್ನೆ ಕೋವಿಯ ಹಿಂಬದಿಯ ಮರದ, ಅಂದರೆ ಬಟ್ಟಿನ, ಮೇಲೆ ಕೂತಾಗ ಕಣ್ಣು ನಳಿಗೆಯ ನೇರಕ್ಕೆ ಬರಲೇಬೇಕು. ಈಗಿನ ಸೆಮಿ ಆಟೊಮ್ಯಾಟಿಕ್‌ಗಳ ಜೊತೆ ಬಟ್ಟಿನ ಬುಡಕ್ಕೆ ಹಾಕುವ ತೆಳು ಬಿಲ್ಲೆಗಳು ಬರುತ್ತವೆ. ಅವನ್ನು ಬದಲಿಸಿ ಬಟ್ಟನ್ನು ಏರಿಸಿ ಇಳಿಸಿ, ಎಡಬಲ ಸರಿಸಿ ಹೊಂದಿಸಬಹುದು. ಮೈಗೆ ಹೊಂದದ ಕೋವಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ತಪ್ಪು ಜಾಗಕ್ಕೇ ಹೊಡೆಯುತ್ತದೆ.

ಹಳೆಯದನ್ನು ಕೊಳ್ಳುವವರು ನೋಡಬೇಕಾದದ್ದು ಹೊರಗಿನ ಹೊಳಪನ್ನಲ್ಲ. ಮುಂದಿನ ಮರವನ್ನು ಬಿಚ್ಚಿಸಿ ಒಳಮೈಯಲ್ಲಿ ಬಿರುಕಿದೆಯೇ ನೋಡಿ. ಗ್ಯಾಸಿನ ತೂತುಗಳು ಮಸಿಯಿಂದ ಮುಚ್ಚಿವೆಯೇ ನೋಡಿ. ತೋಟಾ ಹಿಡಿದೆಳೆಯುವ ಉಗುರಿನ ಅಂಚು ಸವೆದಿದೆಯೇ ಬೆರಳಿನಿಂದ ಮುಟ್ಟಿ ನೋಡಿ. ಬೆರೆಟ್ಟಾ 303, 390, 391ರಂಥವುಗಳಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗು ಬಟ್ಟಿನ ಒಳಗೆ ಕೊಳವೆಯಲ್ಲಿ ಅಡಗಿರುತ್ತದೆ. ಅಲ್ಲಿಗೆ ಮಳೆನೀರು ಇಳಿದು ತುಕ್ಕು ಹಿಡಿದರೂ ಹೊರಗೆ ಗೊತ್ತಾಗುವುದಿಲ್ಲ. ಅದನ್ನು ಎಂದೂ ಬಿಚ್ಚದ ಒಡೆಯರೇ ಹೆಚ್ಚು. ಕೋವಿ ರಿಪೇರಿ ಮಾಡುವವರಿಂದ ಅದನ್ನು ತೆಗೆಸಿ, ಬೇಕಾದರೆ ಹೊಸ ಸ್ಪ್ರಿಂಗು ಹಾಕಿಸಿ. ಈ ಒಂದು ಕೆಲಸದಿಂದ ಸರಿಹೋದ ಕೋವಿಗಳು ಬಹಳ. ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿ; ಸುರಿದರೆ ಅದು ಮಸಿಯೊಡನೆ ಸೇರಿ ಅಂಟಾಗುತ್ತದೆ. ಒರೆಸಿದ ಮೇಲೆ ಸ್ವಲ್ಪ ಹೊತ್ತು ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಬಟ್ಟಿನ ಮರಕ್ಕೆ ಇಳಿಯುವುದಿಲ್ಲ.

ಸುರಕ್ಷತೆಯ ಮಾತನ್ನು ನಾನು ಎಂದೂ ಬಿಟ್ಟು ಮಾತಾಡಿದವನಲ್ಲ. ಮಡಚಿ ತೆರೆದಿಟ್ಟ ಎರಡು ನಳಿಗೆಯ ಕೋವಿ ಖಾಲಿಯಿದೆ ಎಂಬುದು ದೂರದಿಂದಲೇ ಕಾಣುತ್ತದೆ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ. ಆದ್ದರಿಂದ ಬೋಲ್ಟು ಹಿಂದೆ ಎಳೆದಿಟ್ಟು, ನಳಿಗೆಯ ಬುಡದಲ್ಲಿ ಬಣ್ಣದ ಚಿಕ್ಕ ಬಾವುಟ ಸಿಕ್ಕಿಸಿಯೇ ಜನರ ನಡುವೆ ನಡೆಯಬೇಕು. ಖಾಲಿ ತೋಟಾ ಬಲಕ್ಕೆ ಸಿಡಿಯುತ್ತದೆ, ಬಲಗಡೆ ನಿಂತವರ ನೆನಪಿರಲಿ. ಹೊಲದಲ್ಲಿ ನಾಯಿಯನ್ನು ಎಡಕ್ಕೆ ಕೂರಿಸಿ. ಬಿದ್ದ ಪ್ಲಾಸ್ಟಿಕ್ ತೋಟಾಗಳನ್ನೆಲ್ಲ ಹೆಕ್ಕಿ ತನ್ನಿ. ಅದು ರೈತನ ಹೊಲ. ಇನ್ನೊಂದಂತೂ ಪ್ರಾಣದ ಪ್ರಶ್ನೆ. 12 ಮತ್ತು 20 ಬೋರಿನ ತೋಟಾಗಳನ್ನು ಒಂದೇ ಚೀಲದಲ್ಲಿ ಎಂದೂ ಇಡಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಕಚ್ಚಿಕೊಳ್ಳುತ್ತದೆ. ಖಾಲಿಯೆಂದುಕೊಂಡು ಅದರ ಹಿಂದೆ 12ರದನ್ನು ಹಾಕಿ ಹೊಡೆದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. 20ರ ತೋಟಾಕ್ಕೆ ಹಳದಿ ಬಣ್ಣ ಕೊಟ್ಟಿರುವುದೇ ಈ ಕಾರಣಕ್ಕೆ.

ಊರಿನಲ್ಲಿದ್ದು ಈ ಮಾತು ಕೇಳುತ್ತಿರುವವರಿಗೆ ಒಂದು ವಿಷಯ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಬೇಟೆಯ ಕಾಲ ಮುಗಿದಿದೆ, ಮುಗಿದದ್ದೇ ಒಳ್ಳೆಯದು. ಆದರೆ ಬಿಲ್ಲೆಗೆ ಗುರಿಯಿಡುವ ಆಟದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ಬಿಕಾನೇರಿನ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಪ್ ವಿಭಾಗದ ಬೆಳ್ಳಿ ಗೆದ್ದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ತಂದರು. ಆ ಮಟ್ಟದ ಪಂದ್ಯದಲ್ಲಿ ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ ಇರುವುದು ಮೇಲೊಂದು ಕೆಳಗೊಂದು ನಳಿಗೆಯ ಕೋವಿ. ಹತ್ತಿರದ ಏಟಿಗೆ ಒಂದು ಚೋಕು, ದೂರದ ಏಟಿಗೆ ಇನ್ನೊಂದು ಎಂದು ಎರಡನ್ನೂ ಸಿದ್ಧವಾಗಿ ಇಟ್ಟುಕೊಳ್ಳಬಹುದು, ಕೈಕೊಡುವ ಭಾಗಗಳೂ ಅದರಲ್ಲಿ ಕಡಿಮೆ. ಒಲಿಂಪಿಕ್ ಟ್ರ್ಯಾಪ್ ಕಲಿಯಬೇಕೆನ್ನುವ ನಮ್ಮ ಮಕ್ಕಳಿಗೆ ನಾನು ಸೆಮಿ ಆಟೊಮ್ಯಾಟಿಕ್ ಕೊಡಿಸಿ ಎನ್ನುವುದಿಲ್ಲ.

ಆದರೆ ಇಂಗ್ಲೆಂಡಿನಲ್ಲಿದ್ದುಕೊಂಡು, ಭಾನುವಾರ ಕ್ಲೇ, ನಡುನಡುವೆ ರೈತನ ಬಟಾಣಿ ಹೊಲ, ಎರಡಕ್ಕೂ ಒಂದೇ ಕೋವಿ ಬೇಕೆನ್ನುವವರಿಗೆ ನನ್ನ ಉತ್ತರ ಇದು: ಗ್ಯಾಸಿನ ಕೋವಿ, 12 ಬೋರ್, 28 ಇಂಚು, ಉಕ್ಕಿನ ಚರೆಗೆ ಪರೀಕ್ಷೆಯಾದದ್ದು. ಹೊಸದಕ್ಕೆ ಹಣ ಸಾಲದಿದ್ದರೆ ಚೆನ್ನಾಗಿ ಇಟ್ಟುಕೊಂಡ ಹಳೆಯ ಬೆರೆಟ್ಟಾ 391 ಆಗಬಹುದು. ವರ್ಷದ ಬಹುಪಾಲು ಕೆಸರಿನ ಹೊಲದಲ್ಲೇ ಕಳೆಯುವವರಾದರೆ ಮಾತ್ರ ಬೆನೆಲ್ಲಿ. ಯಾವುದನ್ನೇ ಕೊಂಡರೂ ಹಣ ಕೊಡುವ ಮೊದಲು ನಿಮ್ಮದೇ ತೋಟಾದಲ್ಲಿ ಹೊಡೆದು ನೋಡಿ, ಮೈದಾನದಿಂದ ಬಂದ ಸಂಜೆಯೇ ಕೋವಿಯನ್ನು ಬಿಚ್ಚಿ ಒರೆಸಿಡಿ.